ಬೋಂಜೂರಿನ ಟೀಚರ್

ಹೋದ ತಿಂಗಳು ನಮ್ಮ ಶಾಲೆಯ ಟೀಚರುಗಳ ವಾಟ್ಸಪ್ ಗುಂಪಿಗೆ ಒಂದು ಫೋಟೋ ಬಂತು. ಕೆಳಗೆ ಒಂದು ಹೆಸರು, ಮುಂಬೈಯಲ್ಲಿ ತೀರಿಕೊಂಡರೆಂಬ ಸುದ್ದಿ, ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಹೆಸರು ಓದಿದರೆ ಯಾರೆಂದು ನನಗೆ ಹೊಳೆಯಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ನಮ್ಮ ಬೋಂಜೂರು ಟೀಚರ್. ಅವರಿಗೆ ಬೇರೆ ಹೆಸರೊಂದಿತ್ತು ಎಂಬುದೇ ನಮಗೆಲ್ಲ ಮರೆತುಹೋಗಿತ್ತು. ಈಗ ಆ ಹೆಸರನ್ನು ಇಲ್ಲಿ ಬರೆದು ಅವರನ್ನು ಬೇರೆ ಯಾರನ್ನೋ ಮಾಡುವ ಮನಸ್ಸು ನನಗಿಲ್ಲ.

ಬೋಂಜೂರು ಎಂಬ ಊರು ನಮ್ಮ ಕುಂದಾಪುರ ಸೀಮೆಯಲ್ಲಿಲ್ಲ. ಬಿಜೂರು ಇದೆ, ಬಸ್ರೂರು ಇದೆ, ಬೈಂದೂರು ಇದೆ. ಹಾಗಾಗಿ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು ಒಬ್ಬ ಹೆಂಗಸು ಬಂದ ಬಂದ ಮಗುವಿನ ಕೈ ಕುಲುಕಿ "ಬೋಂಜೂರ್" ಎನ್ನುವುದನ್ನು ಕಂಡವರು, ಪಾಪ, ಇವರು ಎಲ್ಲರಿಗೂ ತಮ್ಮ ಊರಿನ ಹೆಸರು ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡರೆ ತಪ್ಪೇನಿಲ್ಲ. ನಮ್ಮ ವ್ಯಾನಿನ ಡ್ರೈವರ್ ಮೊದಲ ವಾರವೇ ಬಂದು, ಬೋಂಜೂರು ಅಂದರೆ ಎಲ್ಲಿ ಬರುತ್ತದೆ, ಶಿರೂರಿನಿಂದ ಆಚೆಯಾ ಎಂದು ಗಂಭೀರವಾಗಿ ಕೇಳಿದ. ತನ್ನ ಊರು ಇಲ್ಲೇ ಬಿಜೂರು, ಬೋಂಜೂರ್ ಎಂದರೆ ಫ್ರೆಂಚಿನಲ್ಲಿ ನಮಸ್ಕಾರ ಎಂದು ಅವರು ಬಿಡಿಸಿ ಹೇಳಿದರು. ಆದರೆ ಅಷ್ಟು ಹೊತ್ತಿಗೆ ಹೆಸರು ಅಂಟಿಯಾಗಿತ್ತು. ಆಮೇಲೆ ಅವರೇ ಫೋನ್ ಎತ್ತಿದರೆ "ಬೋಂಜೂರು ಟೀಚರ್ ಮಾತಾಡೂದ್" ಎನ್ನುತ್ತಿದ್ದರು.

ಬಿಜೂರಿನಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿನಲ್ಲಿ ಅಬ್ಬಿಯ, ಎಂದರೆ ತಾಯಿಯ, ಜೊತೆ ಮುಂಬೈಗೆ ಹೋದವರು ಅವರು. ಅಪ್ಪಯ್ಯ ಅಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರಂತೆ. ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡರೆ ಮಾರ್ಕು ಜಾಸ್ತಿ ಸಿಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಇವರು ಅದನ್ನು ಹಿಡಿದರು. ಮಾರ್ಕಿಗೆಂದು ಹಿಡಿದದ್ದು ಮತ್ತೆ ಕೈಬಿಡಲಿಲ್ಲ. ಅಲ್ಲಿನ ಒಂದು ಖಾಸಗಿ ಫ್ರೆಂಚ್ ಅಂತರರಾಷ್ಟ್ರೀಯ ಶಾಲೆಯಲ್ಲಿ ಪುಟ್ಟ ಮಕ್ಕಳ ಮೂಗು ಒರೆಸುವ ಸಹಾಯಕಿಯಾಗಿ ಸೇರಿ, ಟೀಚರಾಗಿ, ಕೊನೆಗೆ ಆ ಪುಟ್ಟ ಮಕ್ಕಳ ವಿಭಾಗವನ್ನೇ ನೋಡಿಕೊಳ್ಳುವವರಾಗಿ ನಿವೃತ್ತರಾದರು.

ಆ ಶಾಲೆಯ ಕಥೆಯನ್ನು ಅವರಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಬಸ್ರೂರಿನಿಂದಾಚೆ ಹೆಚ್ಚೇನೂ ನೋಡದ ನಾನು ಅಲ್ಲೇ ಓದಿದವಳ ಹಾಗೆ ಹೇಳಬಲ್ಲೆ. ಮೊದಲಿಗೆ ಅದು ಬಾಡಿಗೆ ಬಂಗಲೆಯ ಜಗಲಿ. ಕಂಪೆನಿ ಕೆಲಸಕ್ಕೆ ಬಂದ ನಾಲ್ಕಾರು ಫ್ರೆಂಚ್ ಸಂಸಾರಗಳ ಮಕ್ಕಳು, ಅವರಿಗೆ ಒಬ್ಬಳು ಟೀಚರು, ಮಧ್ಯಾಹ್ನದ ಅಡಿಗೆಯೂ ಅವಳದೇ. ಆಮೇಲೆ ಬೇರೆ ಬೇರೆ ದೇಶದ ಮಕ್ಕಳು ಬಂದರು, ಮುಂಬೈಯವರೇ ಬಂದರು, ಅರ್ಧ ದಿನ ಫ್ರೆಂಚ್ ಅರ್ಧ ದಿನ ಇಂಗ್ಲಿಷ್ ಎಂದಾಯಿತು. ಶಿಶುವಿಹಾರವೇ ಮೂರು ವರ್ಷ. ಪುಟ್ಟವರ ಕ್ಲಾಸು, ನಡುವಿನವರ ಕ್ಲಾಸು, ದೊಡ್ಡವರ ಕ್ಲಾಸು. ಅಲ್ಲಿ ಮಾರ್ಕಿಲ್ಲ, ರ‍್ಯಾಂಕಿಲ್ಲ. ಊಟಕ್ಕೆ ಒಂದು ಗಂಟೆ, ಟೀಚರೂ ಮಕ್ಕಳ ಜೊತೆ ಅದೇ ಬೆಂಚಿನಲ್ಲಿ ಕೂತು ಉಣ್ಣಬೇಕು. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಸಮುದ್ರದ ಬದಿಯಲ್ಲೇ ಒಂದು ವಾರ ಪಾಠ. ಎಲ್ಲ ಮುಗಿಸಿ ಹದಿನೆಂಟಕ್ಕೆ ಬಂದ ಮಕ್ಕಳು ದೊಡ್ಡ ಪರೀಕ್ಷೆಯಲ್ಲಿ ಇಡೀ ಒಂದು ಬೆಳಗ್ಗೆ ಕೂತು, ಒಬ್ಬನೇ ಇದ್ದು ಸುಖವಾಗಿರಬಹುದೇ ಎಂಬಂಥ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಾರಂತೆ. ಇದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ನಮ್ಮಲ್ಲಿ ಅಷ್ಟು ಹೊತ್ತಿನಲ್ಲಿ ಮೂವತ್ತು ಪ್ರಶ್ನೆ ಮುಗಿಸಿ ಮನೆಗೆ ಹೋಗಿರುತ್ತಾರೆ ಎಂದು ನಾನು ಚುಡಾಯಿಸುತ್ತಿದ್ದೆ.

ಅವರು ನಮ್ಮಲ್ಲಿಗೆ ಬಂದದ್ದು ಕೊರೋನಾ ಕಳೆದು ಶಾಲೆಗಳು ಸರಿಯಾಗಿ ಬಾಗಿಲು ತೆರೆದ ವರ್ಷ. ನಮ್ಮ ಟ್ರಸ್ಟಿನ ಅಧ್ಯಕ್ಷರು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಬಿಜೂರಿನ ದಾರಿಯಲ್ಲಿ ಶಾಲೆ ಕಟ್ಟಿಸಿದ್ದರು, ಬೋರ್ಡಿನ ಮೇಲೆ "ಇಂಟರ್‌ನ್ಯಾಷನಲ್" ಎಂದು ಬರೆಸಿಯೂ ಆಗಿತ್ತು. ಒಳಗೆ ಮಾತ್ರ ಅದಕ್ಕೆ ತಕ್ಕದ್ದು ಏನೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಈ ಟೀಚರ್ ಸಿಕ್ಕಿದ್ದು ಅವರಿಗೆ ದೇವರು ಕೊಟ್ಟಂತಾಯಿತು. ಎರಡು ಭಾಷೆಯ ಶಿಶುವಿಹಾರ ಮಾಡುತ್ತೇನೆ ಎಂದು ಇವರು ಹೇಳಿದಾಗ ಅಧ್ಯಕ್ಷರು ಸಂತೋಷದಿಂದ ಒಪ್ಪಿದರು. ಎರಡು ಭಾಷೆ ಎಂದರೆ ಫ್ರೆಂಚ್ ಮತ್ತು ಇಂಗ್ಲಿಷ್ ಎಂದು ಅವರು ತಿಳಿದಿದ್ದರು. ಇವರು ಹೇಳಿದ್ದು ಫ್ರೆಂಚ್ ಮತ್ತು ಕನ್ನಡ. ಗೊತ್ತಾದಾಗ ಅಧ್ಯಕ್ಷರ ಮುಖ ನೋಡಬೇಕಿತ್ತು. ಟೀಚರ್ ಮಾತ್ರ ಅಲುಗಲಿಲ್ಲ.

"ಇಂಗ್ಲಿಷ್ ಹ್ಯಾಂಗೂ ಬತ್ತ್. ಕನ್ನಡ ಹಾಂಗೆ ಬತ್ತಿಲ್ಲ, ಕಲ್ಸ್ಕ್" ಎಂದರು. ಕನ್ನಡವನ್ನು ಕಲಿಸಲೇಬೇಕು ಎಂಬುದು ಅವರ ಪಟ್ಟು.

ಒಪ್ಪಂದವಾಯಿತು. ಎರಡು ವರ್ಷ ನಡೆಸಿ ತೋರಿಸಬೇಕು. ಆ ಮಕ್ಕಳಲ್ಲಿ ಹದಿನೈದು ಜನರಾದರೂ ಇಲ್ಲೇ ಒಂದನೇ ಕ್ಲಾಸಿಗೆ ನಿಂತರೆ, ಮುಂಬೈಯ ಅವರ ಹಳೇ ಶಾಲೆ ನಮ್ಮನ್ನು ಜೋಡಿ ಶಾಲೆಯೆಂದು ತೆಗೆದುಕೊಳ್ಳುತ್ತದೆ. ಅಲ್ಲಿಂದ ಟೀಚರುಗಳು ಬರುತ್ತಾರೆ, ಇಲ್ಲಿಯವರಿಗೆ ತರಬೇತಿ ಸಿಗುತ್ತದೆ, ತರಗತಿ ವರ್ಷ ವರ್ಷ ಮೇಲೆ ಬೆಳೆಯುತ್ತದೆ. ನಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ತನ್ನ ಊರಲ್ಲಿ ಅಂಥದ್ದೊಂದು ಶಾಲೆ ಆಗುವುದನ್ನು ಕಣ್ಣಾರೆ ನೋಡಬೇಕು ಎಂಬುದು ಬಿಟ್ಟರೆ ಆ ವಯಸ್ಸಿನಲ್ಲಿ ಅವರಿಗೆ ಬೇರೆ ಆಸೆ ಇರಲಿಲ್ಲ.

ಕನ್ನಡದ ಅರ್ಧಕ್ಕೆ ನನ್ನನ್ನು ಹಾಕಿದರು. ಬೆಳಿಗ್ಗೆ ಅವರು, ಮಧ್ಯಾಹ್ನ ನಾನು, ಊಟದ ಹೊತ್ತಿಗೆ ಇಬ್ಬರೂ. ಮೊದಲ ದಿನವೇ ಒಂದು ನಿಯಮ ಹೇಳಿದರು. ಒಬ್ಬ ಟೀಚರಿಗೆ ಒಂದೇ ಭಾಷೆ. ಮಕ್ಕಳ ಎದುರು ಅವರ ಬಾಯಿಂದ ಕನ್ನಡ ಬರಕೂಡದು, ನನ್ನ ಬಾಯಿಂದ ಫ್ರೆಂಚ್ ಬರಕೂಡದು. ನನ್ನ ಬಾಯಿಂದ ಫ್ರೆಂಚ್ ಬರುವ ಅಪಾಯ ಹೇಗೂ ಇರಲಿಲ್ಲ. ಅವರು ಮಾತ್ರ ಈ ವ್ರತವನ್ನು ಹಿಡಿದದ್ದು ನೋಡಿ ನನಗೆ ಆಶ್ಚರ್ಯವಾಗುತ್ತಿತ್ತು. ಮಗು ಬಿದ್ದು ಮಂಡಿ ತರಚಿಕೊಂಡು "ಅಬ್ಬೀ" ಎಂದು ಅತ್ತರೆ, ಅದರ ಎದುರು ತಮ್ಮ ನೋವಿನ ಮಂಡಿಯನ್ನೂರಿ ಕೂತು ಫ್ರೆಂಚಿನಲ್ಲೇ ಸಮಾಧಾನ ಮಾಡುತ್ತಿದ್ದರು. ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯದೆ ಯಾವ ಮಗುವಿನ ಜೊತೆಗೂ ಅವರು ಮಾತಾಡಿದ್ದಿಲ್ಲ. ಏಳುವಾಗ ನನ್ನ ಹೆಗಲು ಹಿಡಿದು ಏಳುತ್ತಿದ್ದರು. ಮಕ್ಕಳು ವ್ಯಾನು ಹತ್ತಿ ಹೋದ ಮರುಗಳಿಗೆ ಅವರ ಬಾಯಿಂದ ಕುಂದಾಪ್ರ ಕನ್ನಡ ಕಟ್ಟೆಯೊಡೆದು ಬರುತ್ತಿತ್ತು. ಅದೂ ಅವರ ಅಬ್ಬಿಯ ಕಾಲದ್ದು, ನನ್ನ ಅಜ್ಜಿ ಹೋದ ಮೇಲೆ ನಾನು ಕೇಳಿಯೇ ಇರದ ಶಬ್ದಗಳು. ತನ್ನ ಕನ್ನಡಕ್ಕೆ ಇನ್ನೂ ಒಂಬತ್ತೇ ವರ್ಷ ಎಂದು ನಗುತ್ತಿದ್ದರು.

ಊರವರು ಮೊದಲಿಗೆ ಇದನ್ನೆಲ್ಲ ತಮಾಷೆ ಮಾಡಿದರು. ಫ್ರೆಂಚಿನಲ್ಲಿ ನೀರಿಗೆ "ಲೋ" ಎನ್ನುತ್ತಾರೆ. ಒಬ್ಬ ಹುಡುಗ ಮನೆಗೆ ಹೋಗಿ ಊಟಕ್ಕೆ ಕೂತ ಅಪ್ಪನ ಕಡೆ ಲೋಟ ಚಾಚಿ "ಲೋ" ಎಂದನಂತೆ. ಮಾರನೇ ದಿನ ಆ ಅಪ್ಪ ಶಾಲೆಗೇ ಬಂದ. ಇಷ್ಟು ಫೀಸು ಕೊಟ್ಟು ಮಗನ ಬಾಯಲ್ಲಿ ಲೋ ಅನ್ನಿಸಿಕೊಳ್ಳುವುದು ಎಂಥ ಶಾಲೆ ಎಂದು ಅವನ ತಕರಾರು. ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಟೀಚರ್ ಅವನನ್ನು ಕೂರಿಸಿ, ನೀರು ಕೊಟ್ಟು, ಅದನ್ನೇ ತೋರಿಸಿ ವಿವರಿಸಿ ಕಳಿಸಿದರು.

ಅವರಿಗೆ ಕನ್ನಡ ಬರುವುದಿಲ್ಲ ಎಂದು ಮಕ್ಕಳು ಪೂರ್ತಿ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದವಳು ಸಾನ್ವಿ. ಅವಳ ಅಜ್ಜಿ ಬೈಂದೂರು ಪೇಟೆಯಲ್ಲಿ ಮೀನು ಮಾರುವವರು, ಅಪ್ಪ ಬೋಟಿಗೆ ಹೋಗುವವನು. ಈ ನಾಲ್ಕು ವರ್ಷದ ಹುಡುಗಿಗೆ ಟೀಚರನ್ನು ನೋಡಿ ಕನಿಕರ. ಇಷ್ಟು ದೊಡ್ಡವರಾಗಿ ಒಂದು ಶಬ್ದ ಕನ್ನಡ ಬಾರದಿದ್ದರೆ ಇವರು ಅಂಗಡಿಯಲ್ಲಿ ಸಾಮಾನು ಕೇಳುವುದು ಹೇಗೆ, ಬಸ್ಸಿನಲ್ಲಿ ಊರು ಹೇಳುವುದು ಹೇಗೆ? ತಾನೇ ಕಲಿಸುವುದೆಂದು ನಿಶ್ಚಯ ಮಾಡಿದಳು. ಊಟದ ಬೆಂಚಿನಲ್ಲಿ ಅವರ ಪಕ್ಕ ಕೂತು, ಲೋಟ ತೋರಿಸಿ "ನೀರ್, ಹೇಳಿ, ನೀರ್" ಎನ್ನುವಳು. ಟೀಚರ್ ಅವಳ ತುಟಿಯನ್ನೇ ಗಮನವಿಟ್ಟು ನೋಡಿ, ತಲೆಯಾಡಿಸಿ, "ಲೋ" ಎನ್ನುವರು. ಸಾನ್ವಿ ಹಣೆ ಚಚ್ಚಿಕೊಳ್ಳುವಳು. ಎರಡು ವರ್ಷ ಈ ಆಟ ನಡೆಯಿತು. ಅವಳು ಹೇಳಿಕೊಟ್ಟ ಒಂದೇ ಒಂದು ಶಬ್ದವನ್ನೂ ಅವರು ಹೇಳಲಿಲ್ಲ. ಈ ಹಟದಿಂದಲೇ ಆ ಹುಡುಗಿ ತನಗೆ ಗೊತ್ತಿಲ್ಲದ ಹಾಗೆ ಫ್ರೆಂಚ್ ಕಲಿತುಬಿಟ್ಟಳು.

ಸಮುದ್ರದ ಪಾಠಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಊರೆಲ್ಲ ನಕ್ಕಿತು. ಹಿತ್ತಲಲ್ಲೇ ಸಮುದ್ರ ಇಟ್ಟುಕೊಂಡವರಿಗೆ ಸಮುದ್ರ ತೋರಿಸಲು ಟೀಚರ್ ಬೇಕೇ ಎಂದರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತಿ ಸೀರೆಗೆ ಓಟದ ಶೂ ಹಾಕಿಕೊಂಡು, ದಡದಲ್ಲಿ ಮೀನಿನ ಬುಟ್ಟಿಗಳ ಮುಂದೆ ಮಕ್ಕಳನ್ನು ಕೂರಿಸಿ, ಒಂದೊಂದು ಮೀನಿಗೂ ಫ್ರೆಂಚ್ ಹೆಸರು ಹೇಳುತ್ತ ಹೋದರು. ಸಾನ್ವಿ ಪ್ರತಿಯೊಂದಕ್ಕೂ ಎದುರು ಹೆಸರು ಕೊಟ್ಟಳು. ಬಂಗುಡೆ, ಬೈಗೆ, ಕಾಣೆ, ಅಂಜಲ್. ಅವಳ ಅಜ್ಜಿ ಅಲ್ಲೇ ಇದ್ದವರು ನನ್ನನ್ನು ಬದಿಗೆ ಕರೆದು, ಈ ಅಮ್ಮನಿಗೆ ಏನಾಗಿದೆ ಎಂದು ಮೆಲ್ಲಗೆ ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಮೊಮ್ಮಗಳು ತಿರುಗಿ, "ಅಜ್ಜಿ, ಅವ್ರಿಗೆ ಕನ್ನಡ ಬತ್ತಿಲ್ಲ, ಪಾಪ" ಎಂದಳು. ಟೀಚರ್ ಸಮುದ್ರದ ಕಡೆ ಮುಖ ತಿರುಗಿಸಿ ನಿಂತರು. ನಗುವಿಗೆ ಅವರ ಬೆನ್ನು ಕುಲುಕುತ್ತಿತ್ತು.

ಆಮೇಲೆ ಊರಿಗೆ ಅವರ ಮೇಲೆ ನಿಜವಾದ ಪ್ರೀತಿ ಹುಟ್ಟಿತು. ಅಜ್ಜಿ ಅವರಿಗೆಂದು ಒಳ್ಳೆಯ ಮೀನು ತೆಗೆದಿಡುತ್ತಿದ್ದರು. ಹಲಸಿನ ಹಪ್ಪಳ, ತೊಂಡೆಕಾಯಿ ಅವರ ಮೇಜಿನ ಮೇಲೆ ತಾನಾಗಿ ಬಂದು ಬೀಳುತ್ತಿತ್ತು. ಈ ಪ್ರೀತಿಯೇ ಅವರಿಗೆ ಮುಳುವಾಯಿತು ಎಂದು ನನಗೆ ಈಗ ಅನ್ನಿಸುತ್ತದೆ.

ಎರಡನೇ ವರ್ಷದ ಕೊನೆಗೆ ಮುಂಬೈಯ ಶಾಲೆಯಿಂದ ಒಬ್ಬ ಫ್ರೆಂಚ್ ಹೆಂಗಸು ಬಂದರು, ಅಲ್ಲಿನ ಮುಖ್ಯಸ್ಥೆ. ಎರಡು ದಿನ ಕ್ಲಾಸಿನ ಹಿಂದೆ ಕೂತು ನೋಡಿದರು. ಶನಿವಾರ ತಂದೆತಾಯಿಯರನ್ನೆಲ್ಲ ಹಾಲಿಗೆ ಕರೆಸಿದೆವು. ಗೋಳಿಬಜೆ, ಚಹಾ ಆಯಿತು. ಆ ಹೆಂಗಸು ಒಂದೊಂದು ಮನೆಯವರನ್ನೂ ಕೇಳಿದರು, ಮಗುವನ್ನು ಒಂದನೇ ಕ್ಲಾಸಿಗೆ ಇಲ್ಲೇ ಸೇರಿಸುತ್ತೀರಾ ಎಂದು. ಟೀಚರ್ ಅದನ್ನು ಕನ್ನಡ ಮಾಡಿದರು. ಮಕ್ಕಳು ಹೊರಗೆ ಆಡುತ್ತಿದ್ದರಿಂದ ಅಡ್ಡಿಯಿರಲಿಲ್ಲ. ಮೊದಲು ಎದ್ದು ನಿಂತವರು ಸಾನ್ವಿಯ ಅಜ್ಜಿ. ಟೀಚರಮ್ಮನ ಕೈ ಹಿಡಿದುಕೊಂಡು, ಮುಖ ತುಂಬ ನಗುತ್ತ, "ಕಾಂಬ, ಟೀಚರಮ್ಮ" ಎಂದರು. ಅವರ ಹಿಂದಿನವರೂ ಕಾಂಬ ಎಂದರು. ಹಾಲಿನ ತುಂಬ ಕಾಂಬ, ಕಾಂಬ. ಬಾಗಿಲು ದಾಟುವಾಗಲೂ ಒಬ್ಬೊಬ್ಬರೂ ತಿರುಗಿ ನೋಡಿ ಅದನ್ನೇ ಹೇಳಿ ಹೋದರು. ಟೀಚರಿನ ಕಣ್ಣು ಒದ್ದೆಯಾಗಿತ್ತು. ಆ ಹೆಂಗಸಿನ ಕಡೆ ತಿರುಗಿ ಒಂದೇ ಉಸಿರಿಗೆ ಫ್ರೆಂಚಿನಲ್ಲಿ ಏನೋ ಹೇಳಿದರು. ಅವರು ಇವರನ್ನು ತಬ್ಬಿಕೊಂಡರು.

ಆ ಸಂಜೆ ಕುರ್ಚಿ ಎತ್ತಿಡುವಾಗ ಏನು ಹೇಳಿದಿರಿ ಎಂದು ಕೇಳಿದೆ. ಎಲ್ಲರೂ ಮತ್ತೆ ಸಿಗುತ್ತೇವೆ ಅಂದಿದ್ದಾರೆ, ಬರುತ್ತಾರೆ ಎಂದು ಹೇಳಿದೆ ಎಂದರು. ನನ್ನ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. ನಮ್ಮಲ್ಲಿ ಕಾಂಬ ಎಂದರೆ ಮತ್ತೆ ಕಾಣೋಣ ಎಂದೂ ಹೌದು, ನೋಡೋಣ ಎಂದೂ ಹೌದು; ಇಲ್ಲ ಎನ್ನಲಾರದವರು ಹೇಳುವುದೂ ಅದನ್ನೇ. ಹೇಳದಿದ್ದರೆ ಆಗುವುದಿಲ್ಲ ಎನಿಸಿತು.

"ಮೇಡಂ, ಅದ್ ಬಪ್ಪು ಕಾಂಬ ಅಲ್ಲ. ಆತಿಲ್ಲ ಅಂಬು ಕಾಂಬ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

"ನನ್ನ ಅಬ್ಬಿ ಕಲ್ಸಿದ್ ಮಾತ್ ನೀ ನಂಗೆ ಕಲ್ಸೂದ್ ಬ್ಯಾಡ" ಎಂದರು.

ಕೋಪ ಇಳಿದ ಮೇಲೆ ವಿಷಯ ಹೇಳಿದರು. ಮುಂಬೈಯ ಅವರ ಒಂದು ಕೋಣೆಯ ಮನೆಗೆ ಊರಿಂದ ನೆಂಟರು ಬರುತ್ತಿದ್ದರಂತೆ. ಅವರು ಹೊರಡುವಾಗ ಅಬ್ಬಿ ಬಾಗಿಲಲ್ಲಿ ನಿಂತು ಕಾಂಬ ಎನ್ನುವಳು, ಅವರೂ ಕಾಂಬ ಎನ್ನುವರು. ಮುಂದಿನ ವರ್ಷ ತಪ್ಪದೆ ಬರುವರು. ಊರಿನ ಕಡೆಗೆ ಬಾಗಿಲು ತೆರೆದಿಟ್ಟ ಶಬ್ದ ಅವರ ಪಾಲಿಗೆ ಅದೊಂದೇ. ನಾನು ಬಿಡಲಿಲ್ಲ. ಹಬ್ಬಕ್ಕೆ ಹೊಸ ಲಂಗ ಬೇಕೆಂದಾಗ ಅಬ್ಬಿ ಕಾಂಬ ಎಂದಿರಲಿಲ್ಲವೇ ಎಂದು ಕೇಳಿದೆ. ಅಂದಿದ್ದಳು, ಕಾಂಬ ಅಂದದ್ದನ್ನೆಲ್ಲ ಕೊಡಿಸಿಯೂ ಇದ್ದಳು ಎಂದರು. ಅಂಥ ಅಬ್ಬಿಯ ಮಗಳಿಗೆ ನಾನು ಇನ್ನೇನು ಹೇಳಲಿ?

ಜೂನ್ ಬಂತು. ಒಂದನೇ ಕ್ಲಾಸಿಗೆ ಹೊಸ ಬೆಂಚು ಹಾಕಿಸಿ, ಗೋಡೆಗೆ ಮೀನಿನ ಚಿತ್ರ ಬರೆಸಿ ಟೀಚರ್ ಗೇಟಿನಲ್ಲಿ ನಿಂತರು. ಮೂರು ಮಕ್ಕಳು ಬಂದರು. ಮಳೆ ಜೋರಿದೆ, ನಾಳೆ ಬರುತ್ತಾರೆ ಎಂದರು. ಆ ವಾರವೆಲ್ಲ ಹಾಗೇ ನಿಂತರು. ಉಳಿದ ಮಕ್ಕಳು ಕುಂದಾಪುರದ ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ಬಸ್ಸಿನಲ್ಲಿ ನಮ್ಮ ಗೇಟಿನ ಮುಂದೆಯೇ ಹಾದುಹೋದರು. ಕಿಟಕಿಯಿಂದ ಕೈ ಹೊರಗೆ ಹಾಕಿ "ಬೋಂಜೂರ್" ಎಂದು ಕೂಗಿದರು. ಇವರು ಒಂದೊಂದಕ್ಕೂ ತಿರುಗಿ ಹೇಳಿದರು.

ಪೇಟೆಯಲ್ಲಿ ಸಿಕ್ಕಾಗ ಸಾನ್ವಿಯ ಅಜ್ಜಿಯನ್ನು ನಾನು ಕೇಳಿಯೇ ಬಿಟ್ಟೆ. ಅವರು ಮೀನಿನ ಮೇಲೆ ನೀರು ಚಿಮುಕಿಸುತ್ತ ತಲೆ ಎತ್ತಲಿಲ್ಲ. ಹುಡುಗಿ ಇಂಗ್ಲಿಷ್ ಕಲಿಯದೆ ಹಿಂದೆ ಬಿದ್ದರೆ ಕಷ್ಟ ಎಂದು ಮಗ ಹೇಳಿದನಂತೆ. ಅದರಲ್ಲಿ ಅವನ ತಪ್ಪೂ ಇಲ್ಲ. ಹಾಗಾದರೆ ಅಂದೇ ಹೇಳಬಹುದಿತ್ತಲ್ಲ ಎಂದೆ.

"ಆ ಟೀಚರಮ್ಮನ ಮುಖ ಕಂಡ್ಕಂಡ್ ಇಲ್ಲ ಅಂಬುಕ್ ಬಾಯಿ ಬರ್ಲಿಲ್ಲ, ಮಗಾ" ಎಂದರು.

ನನಗೆ ಇವತ್ತಿಗೂ ಬೇಸರವಾಗುವುದು ಇದಕ್ಕೇ. ಯಾರೂ ಅವರಿಗೆ ಕೆಟ್ಟದ್ದು ಬಯಸಲಿಲ್ಲ. ಒಬ್ಬರಾದರೂ ಮುಖದ ಮೇಲೆ ಇಲ್ಲ ಎಂದಿದ್ದರೆ, ಅವರು ಮನೆ ಮನೆಗೆ ಹೋಗಿ ಕೂತು ಮಾತಾಡುತ್ತಿದ್ದರು. ಬೇಕಾದರೆ ಒಂದು ಗಂಟೆ ಇಂಗ್ಲಿಷನ್ನೂ ಸೇರಿಸುತ್ತಿದ್ದರು. ಇಲ್ಲ ಎಂದವರೊಡನೆ ವಾದ ಮಾಡಬಹುದು. ನಗುತ್ತ ಕೈ ಹಿಡಿದು ಕಾಂಬ ಎಂದವರೊಡನೆ ಏನು ಮಾಡುವುದು?

ಅಧ್ಯಕ್ಷರು ಮೂರು ಮಕ್ಕಳಿಗೆ ಕ್ಲಾಸು ನಡೆಸಲಾಗದು ಎಂದರು. ಕೊನೆಯ ಪ್ರಯತ್ನವೆಂದು ಟೀಚರ್ ಮುಂಬೈಯ ಆ ಮುಖ್ಯಸ್ಥೆಗೆ ಫೋನ್ ಮಾಡಿದರು, ಇನ್ನೊಂದು ವರ್ಷ ಕಾಲಾವಕಾಶ ಕೊಡಿ ಎಂದು ಕೇಳಲು. ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು ಮಾತಾಡುತ್ತಿದ್ದರು. ಬಹಳ ಹೊತ್ತೇನೂ ಆಗಲಿಲ್ಲ. ಫೋನ್ ಇಟ್ಟ ಮೇಲೆ ಏನಂದರು ಎಂದು ಕೇಳಿದೆ.

"ಒಂ ವೆರಾ, ಅಂದ್ಲ್."

ಹಾಗೆಂದರೇನು ಎಂದೆ. ಅವರ ಮುಖದಲ್ಲಿ ಆಸೆ ಇರಲಿಲ್ಲ. ಆ ಮಾತಿನ ಅರ್ಥ ಅವರಿಗೆ ಫ್ರೆಂಚಿನಲ್ಲಿ ಚೆನ್ನಾಗಿ ಗೊತ್ತಿತ್ತು. ನನಗೋಸ್ಕರ ಅದನ್ನು ಕನ್ನಡ ಮಾಡಲು ಬಾಯಿ ತೆರೆದರು, ತೆರೆದವರು ಹಾಗೇ ನಿಂತರು. ಆಯುಷ್ಯವೆಲ್ಲ ಎರಡು ಭಾಷೆಗಳನ್ನು ಒಂದಕ್ಕೊಂದು ತಾಗದ ಹಾಗೆ ಕಾದುಕೊಂಡು ಬಂದವರು ಅವರು. ಆಮೇಲೆ ಮೆಲ್ಲಗೆ ಹೇಳಿದರು.

"ಕಾಂಬ."

ಕುರ್ಚಿ ಎಳೆದುಕೊಂಡು ಕೂತರು. ನಾನು ನೀರು ತಂದುಕೊಟ್ಟೆ. ಕುಡಿದು ಲೋಟವನ್ನು ಮೇಜಿನ ಮೇಲೆ ಇಟ್ಟರು. ಹಾಲಿನಲ್ಲಿ ಅಂದು ಎಲ್ಲರೂ ಇದನ್ನೇ ಹೇಳಿದ್ದಲ್ಲವೇ ಎಂದು ಕೇಳಿದರು. ಹೌದು ಎಂದೆ. ಮತ್ತೆ ಆ ವಿಷಯ ನಾವು ಎತ್ತಲಿಲ್ಲ.

ಶಾಲೆ ಈಗಲೂ ಇದೆ. ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್ ಎಂದೇ ಇದೆ. ಗೋಡೆಯ ಮೀನುಗಳ ಮೇಲೆ ಈಗ ಇಂಗ್ಲಿಷ್ ಅಕ್ಷರಗಳು ಬಂದಿವೆ, ಊಟದ ಹೊತ್ತು ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ನಾನು ಐದನೇ ಕ್ಲಾಸಿಗೆ ಕನ್ನಡ ಹೇಳುತ್ತೇನೆ. ವ್ಯಾನಿನ ಡ್ರೈವರ್ ಮಾತ್ರ ಇಂದಿಗೂ ಮಕ್ಕಳಿಗೆ ಬೋಂಜೂರ್ ಎನ್ನುತ್ತಾನೆ. ಹೊಸ ಮಕ್ಕಳು ಅದನ್ನು ಒಂದು ಊರೆಂದೇ ತಿಳಿದಿದ್ದಾರೆ. ಕೆಲವೊಮ್ಮೆ ನನಗೂ ಹಾಗೇ ಅನ್ನಿಸುತ್ತದೆ, ನಾವು ಎರಡು ವರ್ಷ ಇದ್ದು ಬಂದ ಊರು.

ಅವರು ಮಗಳ ಮನೆಗೆಂದು ಮುಂಬೈಗೆ ಹೊರಟ ದಿನ ಬೈಂದೂರು ಸ್ಟೇಷನ್ನಿಗೆ ನಾನು ಹೋಗಿದ್ದೆ. ಸಾಮಾನು ಹೆಚ್ಚಿರಲಿಲ್ಲ. ಹತ್ತಿ ಸೀರೆ, ಓಟದ ಶೂ, ಒಂದು ಪೆಟ್ಟಿಗೆ. ರೈಲಿಗೆ ಇನ್ನೂ ಹೊತ್ತಿರುವಾಗ ಸಾನ್ವಿಯ ಅಜ್ಜಿ ಅವಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಹಪ್ಪಳದ ಕಟ್ಟು. ಅಜ್ಜಿ ಅದನ್ನು ಕೊಟ್ಟು ದೂರ ಸರಿದು ನಿಂತರು. ಹೊಸ ಶಾಲೆಯ ಟೈ ಕಟ್ಟಿಕೊಂಡಿದ್ದ ಸಾನ್ವಿ ಸೀದಾ ಟೀಚರಿನ ಎದುರು ಬಂದಳು.

"ಟೀಚರ್, ಇನ್ನ್ ಯಾವಾಗ ಬತ್ರಿ?"

ಕೇಳಿದ್ದು ಕನ್ನಡದಲ್ಲಿ. ಉತ್ತರ ಫ್ರೆಂಚಿನಲ್ಲಿ ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಟೀಚರ್ ಪೆಟ್ಟಿಗೆಯನ್ನು ಬದಿಗಿಟ್ಟು, ನೋವಿನ ಮಂಡಿಯನ್ನು ಪ್ಲಾಟ್‌ಫಾರ್ಮಿನ ಮೇಲೆ ಊರಿ, ಅವಳ ಕಣ್ಣಿನ ಮಟ್ಟಕ್ಕೆ ಇಳಿದರು. ಅವಳ ಟೈ ಸರಿ ಮಾಡಿದರು.

"ಕಾಂಬ, ಮಗಾ" ಎಂದರು.

ಸಾನ್ವಿ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತಳು. ಆಮೇಲೆ ಕುಣಿದು, ಅಜ್ಜಿಯ ಕಡೆ ಓಡಿ, ಸೆರಗು ಹಿಡಿದು ಜಗ್ಗಿದಳು.

"ಅಜ್ಜಿ, ಟೀಚರಿಗೆ ಕನ್ನಡ ಬಂತ್!"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಳಿಯ ಆಚೆ ಎಲ್ಲೋ ನೋಡುತ್ತ ನಿಂತರು.